ಎಕ್ಸ್‌ಟಿ4 ಡಿಸ್ಕ್ ತಕರಾರು ತೆಗೆದಾಗ: ಲಕ್ಷಣ ನೋಡಿ ಕಾರಣ ಹುಡುಕುವುದು

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಮೆಡಿಕಲ್ ಶಾಪ್‌ನಿಂದ ಫೋನ್ ಬಂತು. “ಸಾರ್, ಬಿಲ್ ಪ್ರಿಂಟ್ ಆಗ್ತಿದೆ, ಸೇವ್ ಆಗ್ತಿಲ್ಲ.” ಹೋಗಿ ನೋಡಿದರೆ ಲಿನಕ್ಸ್ ಮಷಿನ್ ಓಡುತ್ತಲೇ ಇದೆ, ಮೌಸ್ ಆಡುತ್ತಿದೆ, ಹಳೇ ಬಿಲ್ ತೆಗೆದರೆ ಬರುತ್ತದೆ. ಹೊಸದೇನನ್ನೂ ಬರೆದುಕೊಳ್ಳಲು ಮಾತ್ರ ಒಪ್ಪುತ್ತಿಲ್ಲ. ಡಿಸ್ಕ್ ರೀಡ್-ಓನ್ಲಿ ಆಗಿ ಕೂತಿತ್ತು. ನನಗೆ ಫೋನ್ ಮಾಡುವ ಮೊದಲು ಅಂಗಡಿಯವರು ನಾಲ್ಕು ಸಲ ರೀಸ್ಟಾರ್ಟ್ ಮಾಡಿದ್ದರು. ಪ್ರತಿ ಸಲವೂ ಅರ್ಧ ಗಂಟೆ ಸರಿಯಾಗಿ ನಡೆದು ಮತ್ತೆ ಅದೇ ಕಥೆ. ಯಾರೋ ಪರಿಚಯದ ಹುಡುಗ ‘ಫಾರ್ಮ್ಯಾಟ್ ಮಾಡಿಬಿಡಿ’ ಎಂದು ಹೇಳಿ ಹೋಗಿದ್ದನಂತೆ. ತಪ್ಪು ಇದ್ದದ್ದು ಡಿಸ್ಕ್‌ನಲ್ಲೂ ಅಲ್ಲ, ಫೈಲ್ ಸಿಸ್ಟಮ್‌ನಲ್ಲೂ ಅಲ್ಲ. ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ, ಸಡಿಲವಾಗಿದ್ದ ಒಂದು ಸಾಟಾ ಕೇಬಲ್‌ನಲ್ಲಿ. ಅದು ಗೊತ್ತಾದದ್ದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಆ ಮಷಿನ್‌ನಲ್ಲಿದ್ದದ್ದು ಎಕ್ಸ್‌ಟಿ4, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಟ್ಟು ಲೆಕ್ಕ ಇಡುವ ಲಿನಕ್ಸ್‌ನ ಫೈಲ್ ಸಿಸ್ಟಮ್. ಅದರ ಜರ್ನಲ್ ಅಂದರೆ ಏನು ಅಂತ ಅಂಗಡಿಯವರು ಕೇಳಿದಾಗ ಅವರ ಲೆಕ್ಕದಲ್ಲೇ ಹೇಳಿದೆ. ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತೀರಿ ಅಲ್ವಾ? ಖಾತೆಗೆ ಏರಿಸುವಾಗ ಯಾರಾದರೂ ನಡುವೆ ಎಬ್ಬಿಸಿದರೂ ಕಿರ್ದಿ ನೋಡಿಕೊಂಡು ಉಳಿದದ್ದನ್ನು ಏರಿಸಬಹುದು. ಕಿರ್ದಿಯಲ್ಲೇ ಸಾಲು ಅರ್ಧಕ್ಕೆ ನಿಂತಿದ್ದರೆ ಆ ಸಾಲನ್ನು ಹೊಡೆದು ಹಾಕುತ್ತೀರಿ. ಎಕ್ಸ್‌ಟಿ4 ಮಾಡುವುದೂ ಇದನ್ನೇ. ಆದರೆ ಅದು ಮಾಮೂಲಾಗಿ ಕಿರ್ದಿಯಲ್ಲಿ ಬರೆಯುವುದು ಯಾವ ಫೈಲ್ ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬ್ಲಾಕ್ ಖಾಲಿ ಅನ್ನುವ ವಿವರ ಮಾತ್ರ. ಇದಕ್ಕೆ ಮೆಟಾಡೇಟಾ ಅನ್ನುತ್ತಾರೆ. ಫೈಲ್‌ನ ಒಳಗಿನ ಮಾಲು ಕಿರ್ದಿ ಮುಟ್ಟದೆ ನೇರ ಗೋಡೌನ್‌ಗೆ ಹೋಗುತ್ತದೆ. ಹಾಗಾಗಿ ಜರ್ನಲ್ ಕಾಯುವುದು ಗೋಡೌನ್‌ನ ಲೆಕ್ಕವನ್ನು, ಮಾಲನ್ನಲ್ಲ. ಈ ಒಂದು ಮಾತು ತಲೆಯಲ್ಲಿದ್ದರೆ ಕೆಳಗಿನ ಅರ್ಧ ಲಕ್ಷಣಗಳು ತಾವಾಗಿಯೇ ಅರ್ಥವಾಗುತ್ತವೆ.

ಎಕ್ಸ್‌ಟಿ ಕುಟುಂಬಕ್ಕೆ ಈ ಕಿರ್ದಿ ಬಂದದ್ದು ಎಕ್ಸ್‌ಟಿ3 ಜೊತೆಗೆ, 2001ರ ನವೆಂಬರ್‌ನಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.4.15ನೇ ಆವೃತ್ತಿಯಲ್ಲಿ. ಎಕ್ಸ್‌ಟಿ4 ಬಳಕೆಗೆ ಸಿದ್ಧ ಅನ್ನಿಸಿಕೊಂಡದ್ದು 2008ರ ಡಿಸೆಂಬರ್‌ನ 2.6.28ರಲ್ಲಿ. ಅದಕ್ಕೂ ಮುಂಚೆ ಎಕ್ಸ್‌ಟಿ2 ಇದ್ದ ಕಾಲದಲ್ಲಿ ಕರೆಂಟ್ ಹೋಗಿ ಬಂದರೆ ಇಡೀ ಡಿಸ್ಕನ್ನು ಮೊದಲಿಂದ ಕೊನೆತನಕ ಪರೀಕ್ಷಿಸಬೇಕಿತ್ತು, ಅಷ್ಟು ಹೊತ್ತು ಕಾಫಿ ಕುಡಿದು ಬರಬಹುದಿತ್ತು.

ಇನ್ನೊಂದು ಮಾತು. ಕಮಾಂಡ್‌ಗಳನ್ನೆಲ್ಲ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ. ಹೆಚ್ಚಿನವಕ್ಕೆ ಮುಂದೆ ‘ಸುಡೊ’ ಬೇಕು, ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು.

ಏನೇ ಮುಟ್ಟುವ ಮೊದಲು

ಮೌಂಟ್ ಆಗಿರುವ (ಸಿಸ್ಟಮ್‌ಗೆ ಸೇರಿ ಬಳಕೆಯಲ್ಲಿರುವ), ಬರೆಯುತ್ತಿರುವ ಪಾರ್ಟಿಷನ್ ಮೇಲೆ ಫೈಲ್ ಸಿಸ್ಟಮ್ ಪರೀಕ್ಷಿಸಿ ತಿದ್ದುವ ‘ಇ2ಎಫ್‌ಎಸ್‌ಸಿಕೆ’ ಓಡಿಸಬೇಡಿ. ಒಬ್ಬ ಖಾತೆ ಬರೆಯುತ್ತಿರುವಾಗ ಇನ್ನೊಬ್ಬ ಅದೇ ಪುಟವನ್ನು ತಿದ್ದಿದ ಹಾಗೆ ಆಗುತ್ತದೆ. ‘ಇದು ಮೌಂಟ್ ಆಗಿದೆ, ನಿಜಕ್ಕೂ ಮುಂದುವರಿಸಲಾ?’ ಎಂದು ಅದೇ ಕೇಳುತ್ತದೆ. ಆಗ ಧೈರ್ಯ ತೋರಿಸಿ ವೈ ಒತ್ತಿದವರು ಚೆನ್ನಾಗಿದ್ದ ಡಿಸ್ಕನ್ನೂ ಕೆಡಿಸಿಕೊಂಡಿದ್ದಾರೆ.

ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಪವರ್ ತೆಗೆದು ಕೊನೆಯ ಭಾಗಕ್ಕೆ ಹೋಗಿ. ಸದ್ದಿಲ್ಲ, ಇನ್ನೂ ಓದಲು ಬರುತ್ತಿದೆ ಅಂದರೆ ಮೊದಲು ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ರೀಸ್ಟಾರ್ಟ್ ಮಾಡುವ ಮುಂಚೆ ‘ಡಿಮೆಸೇಜ್’ (ಕರ್ನಲ್‌ನ ಸಂದೇಶಗಳನ್ನು ತೋರಿಸುವ ಕಮಾಂಡ್, ಟೈಪ್ ಮಾಡುವುದು ಡಿ-ಎಂ-ಇ-ಎಸ್-ಜಿ) ಔಟ್‌ಪುಟ್ ಒಂದು ಪೆನ್‌ಡ್ರೈವ್‌ಗೆ ಉಳಿಸಿ, ಇಲ್ಲದಿದ್ದರೆ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ಕೆಟ್ಟ ಡಿಸ್ಕ್ ರೀಡ್-ಓನ್ಲಿ ಆಗಿದ್ದರೆ ಲಾಗ್ ಕೂಡ ಅದರ ಮೇಲೆ ಬರೆದಿರುವುದಿಲ್ಲ. ರೀಸ್ಟಾರ್ಟ್ ಆದ ಕೂಡಲೇ ಸಾಕ್ಷಿ ಅಳಿಸಿ ಹೋಗುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ‘ರಿಕವರಿಂಗ್ ಜರ್ನಲ್’ ಅಂತ ಬರುತ್ತಿದೆ

ಇದು ದೋಷವಲ್ಲ. ಕಿರ್ದಿಯಲ್ಲಿ ಉಳಿದಿದ್ದ ಸಾಲುಗಳನ್ನು ಖಾತೆಗೆ ಏರಿಸುತ್ತಿದೆ, ಅಷ್ಟೆ. ಕೆಲವೇ ಸೆಕೆಂಡ್ ಕೆಲಸ. ಅದರ ಪಕ್ಕ ‘ಆರ್ಫನ್ ಐನೋಡ್’ ಸ್ವಚ್ಛ ಮಾಡಿದೆ ಅಂತ ಬಂದರೂ ಹೆದರಬೇಡಿ. ಐನೋಡ್ ಅಂದರೆ ಒಂದು ಫೈಲ್‌ನ ವಿವರ ಇಡುವ ದಾಖಲೆ. ಅಳಿಸಿದ ಮೇಲೂ ಯಾವುದೋ ಪ್ರೋಗ್ರಾಂ ತೆರೆದಿಟ್ಟುಕೊಂಡಿದ್ದ ಫೈಲ್‌ಗಳು ಅವು. ಕೊನೆಗೆ ‘ಕ್ಲೀನ್’ ಎಂದು ಬಂದು ಎರಡು ಸಂಖ್ಯೆ ತೋರಿಸಿದರೆ ಎಲ್ಲ ಸರಿ ಇದೆ.

ಆದರೆ ಕರೆಂಟ್ ಹೋಗದೆ, ನೀವೇ ಸರಿಯಾಗಿ ಶಟ್‌ಡೌನ್ ಮಾಡಿದ ಮೇಲೂ ಪ್ರತಿ ಬೂಟ್‌ನಲ್ಲಿ ಈ ಸಾಲು ಬರುತ್ತಿದ್ದರೆ, ಶಟ್‌ಡೌನ್ ಹೊತ್ತಿನಲ್ಲಿ ಡಿಸ್ಕ್ ಅನ್‌ಮೌಂಟ್ ಆಗುತ್ತಿಲ್ಲ ಎಂದರ್ಥ. ಯಾವುದೋ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿರುತ್ತದೆ, ಇಲ್ಲವೇ ಎಕ್ಸ್‌ಟರ್ನಲ್ ಡಿಸ್ಕ್‌ನ ಕೇಬಲನ್ನು ಯಾರೋ ಸುಮ್ನೆ ಕಿತ್ತುಬಿಡುತ್ತಿರುತ್ತಾರೆ. ಮನೆಗಳಲ್ಲಿ ಎರಡನೆಯದೇ ಜಾಸ್ತಿ.

ಯುಪಿಎಸ್ ಇದೆಯಲ್ಲ ಅಂತ ಹೇಳುವವರು ಒಮ್ಮೆ ಅದರ ಪ್ಲಗ್ ಕಿತ್ತು ನೋಡಿ. ಎಲ್ಲ ಫೈಲ್ ಮುಚ್ಚಿದ ಮೇಲೆ. ಬ್ಯಾಟರಿ ಸತ್ತಿದ್ದರೂ ಅದರ ಹಸಿರು ಲೈಟ್ ಚೆನ್ನಾಗಿಯೇ ಉರಿಯುತ್ತಿರುತ್ತದೆ.

ಡಿಸ್ಕ್‌ನಲ್ಲಿ ಜಾಗ ಇದೆ, ಆದರೂ ‘ನೋ ಸ್ಪೇಸ್ ಲೆಫ್ಟ್’ ಅನ್ನುತ್ತಿದೆ

ಮೊದಲು ಉಳಿದ ಜಾಗ ತೋರಿಸುವ ‘ಡಿಎಫ್ -ಎಚ್’, ಅದರ ಹಿಂದೆಯೇ ಉಳಿದ ಐನೋಡ್ ತೋರಿಸುವ ‘ಡಿಎಫ್ -ಐ’. ಎರಡನೆಯದು ಎಷ್ಟೋ ಜನ ನೋಡುವುದೇ ಇಲ್ಲ. ಎಕ್ಸ್‌ಟಿ4ರಲ್ಲಿ ಪ್ರತಿ ಫೈಲ್‌ಗೂ ಒಂದು ಐನೋಡ್ ಬೇಕು, ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವ ದಿನವೇ ನಿಗದಿಯಾಗುತ್ತದೆ. ಮಾಮೂಲು ಲೆಕ್ಕ 16 ಕೆಬಿಗೆ ಒಂದು. ಚಿಕ್ಕ ಚಿಕ್ಕ ಫೈಲ್‌ಗಳು ಲಕ್ಷಗಟ್ಟಲೆ ಸೇರಿದರೆ ಐನೋಡ್ ಮುಗಿದುಹೋಗುತ್ತದೆ, ಜಾಗ ಮಾತ್ರ ಹಾಗೇ ಇರುತ್ತದೆ. ಮೇಲ್ ಸರ್ವರ್, ಪಿಎಚ್‌ಪಿ ಸೆಷನ್ ಫೋಲ್ಡರ್, ಕ್ಯಾಶ್ ಫೋಲ್ಡರ್ ಇವೇ ಸಾಮಾನ್ಯ ಕಳ್ಳರು. ಕಸ ಅಳಿಸುವುದು ತಕ್ಷಣದ ಪರಿಹಾರ. ಬೇಕಾಗಿರುವ ಫೈಲ್‌ಗಳೇ ಅಷ್ಟಿದ್ದರೆ ಬ್ಯಾಕಪ್ ತೆಗೆದು ‘ಎಂಕೆಎಫ್‌ಎಸ್’ಗೆ -ಐ ಆಯ್ಕೆಯಲ್ಲಿ 8192ರಂಥ ಚಿಕ್ಕ ಸಂಖ್ಯೆ ಕೊಟ್ಟು ಮತ್ತೆ ಫಾರ್ಮ್ಯಾಟ್ ಮಾಡಬೇಕು. ಆಮೇಲೆ ಬದಲಿಸಲು ಬರುವುದಿಲ್ಲ.

ಐನೋಡ್ ಸಾಕಷ್ಟಿದ್ದರೆ ಎರಡನೇ ಅನುಮಾನ 5 ಪರ್ಸೆಂಟ್ ಮೀಸಲಿನ ಮೇಲೆ. ಎಕ್ಸ್‌ಟಿ4 ಮಾಡುವಾಗ ಅಷ್ಟು ಜಾಗವನ್ನು ರೂಟ್‌ಗೆ, ಅಂದರೆ ಅಡ್ಮಿನ್‌ಗೆ ಅಂತ ಎತ್ತಿಡುತ್ತದೆ. ಸಿಸ್ಟಮ್ ಪಾರ್ಟಿಷನ್‌ಗೆ ಅದು ಒಳ್ಳೆಯದೇ, ಡಿಸ್ಕ್ ತುಂಬಿದರೂ ರೂಟ್ ಲಾಗಿನ್ ಆಗಿ ಕಸ ತೆಗೆಯಬಹುದು. ಆದರೆ 4 ಟಿಬಿಯ ಫೋಟೋ-ವಿಡಿಯೋ ಡಿಸ್ಕ್‌ನಲ್ಲಿ 200 ಜಿಬಿ ಸುಮ್ನೆ ಕೂರುವುದು ದಂಡ. ‘ಟ್ಯೂನ್2ಎಫ್‌ಎಸ್ -ಎಂ 1’ ಕೊಟ್ಟು ಪಾರ್ಟಿಷನ್ ಹೆಸರು ಹಾಕಿದರೆ 1 ಪರ್ಸೆಂಟ್‌ಗೆ ಇಳಿಯುತ್ತದೆ. ಮೌಂಟ್ ಆಗಿದ್ದಾಗಲೇ ಮಾಡಬಹುದು, ಅಪಾಯವಿಲ್ಲ.

ಇನ್ನು ‘ಡಿಎಫ್’ ತುಂಬಿದೆ ಅನ್ನುತ್ತದೆ, ಫೈಲ್‌ಗಳ ಗಾತ್ರ ಎಣಿಸುವ ‘ಡಿಯು’ ಕೂಡಿಸಿದರೆ ಅರ್ಧವೂ ಇಲ್ಲ, ಹಾಗಿದ್ದರೆ ದೊಡ್ಡ ಲಾಗ್ ಫೈಲೊಂದನ್ನು ಅಳಿಸಿದ್ದೀರಿ, ಅದನ್ನು ಬರೆಯುತ್ತಿರುವ ಪ್ರೋಗ್ರಾಂ ಇನ್ನೂ ಬಿಟ್ಟಿಲ್ಲ. ‘ಎಲ್‌ಎಸ್‌ಒಎಫ್ +ಎಲ್1’ ಹೊಡೆದು ನೋಡಿ, ಇಲ್ಲಿ ಎಲ್ ದೊಡ್ಡ ಅಕ್ಷರ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್.

ಹೊಸ ಡಿಸ್ಕ್, ಯಾರೂ ಏನೂ ಬರೆಯುತ್ತಿಲ್ಲ, ಲೈಟ್ ಮಾತ್ರ ಮಿನುಗುತ್ತಲೇ ಇದೆ

ಫಾರ್ಮ್ಯಾಟ್ ಬೇಗ ಮುಗಿಯಲಿ ಅಂತ ಐನೋಡ್ ಪಟ್ಟಿಯನ್ನು ಸೊನ್ನೆ ಮಾಡುವ ಕೆಲಸವನ್ನು ಎಕ್ಸ್‌ಟಿ4 ಮುಂದಕ್ಕೆ ಹಾಕುತ್ತದೆ. ಮೊದಲ ಸಲ ಮೌಂಟ್ ಆದಾಗ ‘ಎಕ್ಸ್‌ಟಿ4 ಲೇಜಿ ಇನಿಟ್’ ಅನ್ನುವ ಕರ್ನಲ್ ಥ್ರೆಡ್ ಹಿಂದೆ ಕೂತು ಅದನ್ನು ಮುಗಿಸುತ್ತದೆ. ದೊಡ್ಡ ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ನಡೆಯಬಹುದು. ಯಾರು ಡಿಸ್ಕ್ ಬಳಸುತ್ತಿದ್ದಾರೆ ಎಂದು ತೋರಿಸುವ ‘ಐಒಟಾಪ್’ನಲ್ಲಿ ಆ ಹೆಸರು ಕಂಡರೆ ಬಿಟ್ಟುಬಿಡಿ. ಡಿಸ್ಕ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯಬೇಡಿ, ಮತ್ತು ಈ ಹೊತ್ತಿನಲ್ಲಿ ಸ್ಪೀಡ್ ಅಳೆದು ಬೇಜಾರು ಮಾಡಿಕೊಳ್ಳಬೇಡಿ.

ಮಷಿನ್ ಎಳೆಯುತ್ತಿದೆ, ಐಒಟಾಪ್‌ನಲ್ಲಿ ‘ಜೆಬಿಡಿ2’ 99 ಪರ್ಸೆಂಟ್

ಟ್ಯೂನಿಂಗ್ ಅನ್ನುವ ವಿಷಯ ಬರುವುದೇ ಇಲ್ಲಿ. ಹಾಗಾಗಿ ಸ್ವಲ್ಪ ಕೂತು ನೋಡೋಣ.

ಜೆಬಿಡಿ2 ಅಂದರೆ ಕಿರ್ದಿ ಬರೆಯುವ ಗುಮಾಸ್ತ. ಅವನ ಬೆವರು ನೋಡಿ ಅವನದೇ ತಪ್ಪು ಅಂದುಕೊಳ್ಳುವವರು ಜಾಸ್ತಿ, ಅಸಲಿಗೆ ಯಾರೋ ಅವನನ್ನು ನಿಮಿಷಕ್ಕೆ ಸಾವಿರ ಸಲ ‘ಈಗಲೇ ಬರಿ, ಈಗಲೇ ಬರಿ’ ಎಂದು ಕಾಡುತ್ತಿರುತ್ತಾರೆ. ಆ ಕಾಟದ ಹೆಸರು ‘ಎಫ್‌ಸಿಂಕ್’. ತಾನಾಗಿ ಬಿಟ್ಟರೆ ಎಕ್ಸ್‌ಟಿ4 5 ಸೆಕೆಂಡಿಗೊಮ್ಮೆ ಮಾತ್ರ ಕಿರ್ದಿಯನ್ನು ಗಟ್ಟಿ ಮಾಡುತ್ತದೆ.

ಮೊದಲ, ಖರ್ಚಿಲ್ಲದ ಪರೀಕ್ಷೆ: ‘ಐಒಟಾಪ್ -ಒ -ಎ’ ಹಾಕಿ ಎರಡು ನಿಮಿಷ ಬಿಡಿ. ಜೆಬಿಡಿ2 ಜೊತೆಗೆ ಯಾರ ಹೆಸರು ಮೇಲೆ ಬರುತ್ತದೋ ಅವರೇ ಆಸಾಮಿ. ಸಾಮಾನ್ಯವಾಗಿ ಡೇಟಾಬೇಸ್. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಮಾಮೂಲಾಗಿ ಪ್ರತಿ ಕಮಿಟ್‌ಗೂ (ಬದಲಾವಣೆಯನ್ನು ಖಾಯಂ ಮಾಡುವಾಗೆಲ್ಲ) ಡಿಸ್ಕ್‌ಗೆ ಬರೆಸುತ್ತದೆ, ಅದು ಸರಿಯೇ. ತಪ್ಪು ಇರುವುದು ಪ್ರೋಗ್ರಾಂ ಬರೆದವರಲ್ಲಿ. ನಾನು ನೋಡಿದ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಬಿಲ್‌ನ ಪ್ರತಿ ಸಾಲಿಗೂ ಬೇರೆ ಬೇರೆ ಕಮಿಟ್ ಇತ್ತು. ಹನ್ನೆರಡು ಮಾತ್ರೆ ಇದ್ದರೆ ಹನ್ನೆರಡು ಕಮಿಟ್. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ ತಿರುಗುವುದೇ 120 ಸುತ್ತು. ಒಂದು ಕಮಿಟ್ ಗಟ್ಟಿಯಾಗಲು ಒಂದಕ್ಕಿಂತ ಜಾಸ್ತಿ ಸುತ್ತು ಹಿಡಿಯುತ್ತದೆ. ಮೂರು ಕೌಂಟರ್‌ನಲ್ಲಿ ಒಟ್ಟಿಗೆ ಬಿಲ್ ಹೊಡೆದರೆ ಎಲ್ಲರೂ ಕಾಯಬೇಕು. ಹನ್ನೆರಡು ಸಾಲನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಸೇರಿಸಿದ ಮೇಲೆ ಫೈಲ್ ಸಿಸ್ಟಮ್‌ನಲ್ಲಿ ಏನನ್ನೂ ಮುಟ್ಟಬೇಕಾಗಲಿಲ್ಲ.

ಪ್ರೋಗ್ರಾಂ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಮುಂದಿನ ಮೆಟ್ಟಿಲು ಮೌಂಟ್ ಆಯ್ಕೆಗಳು. ‘ನೋಎಟೈಮ್’ ಹಾಕಿದರೆ ಫೈಲ್ ಓದಿದ ಸಮಯವನ್ನು ಬರೆದುಕೊಳ್ಳುವುದು ನಿಲ್ಲುತ್ತದೆ. ಆದರೆ ಕರ್ನಲ್ 2.6.30ರಿಂದಲೇ ಆ ಸಮಯವನ್ನು ಅಪರೂಪಕ್ಕೆ ಮಾತ್ರ ಬರೆಯುವ ‘ರೆಲ್‌ಎಟೈಮ್’ ಮಾಮೂಲು ಆಗಿರುವುದರಿಂದ ಈಗ ಇದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ‘ಕಮಿಟ್=30’ ಹಾಕಿದರೆ ಕಿರ್ದಿ 30 ಸೆಕೆಂಡಿಗೊಮ್ಮೆ ಗಟ್ಟಿಯಾಗುತ್ತದೆ. ಎಫ್‌ಸಿಂಕ್ ಮಾಡುವವರಿಗೆ ಇದು ಅನ್ವಯಿಸುವುದಿಲ್ಲ, ಅವರದ್ದು ಆಗಲೇ ಆಗುತ್ತದೆ. ಉಳಿದವರ 30 ಸೆಕೆಂಡಿನ ಕೆಲಸ ಕರೆಂಟ್ ಹೋದರೆ ಗೋವಿಂದ. ಲ್ಯಾಪ್‌ಟಾಪ್‌ಗೆ ಸರಿ, ಅಂಗಡಿಗೆ ಬೇಡ.

ಜರ್ನಲ್ ಚಿಕ್ಕದಾಗಿದ್ದರೂ ಎಳೆಯುತ್ತದೆ. ಕಿರ್ದಿ ಪುಸ್ತಕದಲ್ಲಿ ಹಾಳೆ ಮುಗಿದರೆ ಖಾತೆಗೆ ಏರಿಸುವ ತನಕ ಎಲ್ಲರೂ ಕಾಯಬೇಕಲ್ಲ. ಲಕ್ಷಣ ಏನೆಂದರೆ ಸದಾ ನಿಧಾನ ಅಲ್ಲ, ಚೆನ್ನಾಗಿ ಓಡುತ್ತಾ ಓಡುತ್ತಾ ಆಗಾಗ ಕೆಲವು ಸೆಕೆಂಡ್ ಎಲ್ಲವೂ ಗಪ್ ಅಂತ ನಿಲ್ಲುವುದು. ‘ಡಂಪ್‌ಇ2ಎಫ್‌ಎಸ್ -ಎಚ್’ ಕೊಟ್ಟರೆ ಜರ್ನಲ್ ಗಾತ್ರ ತೋರಿಸುತ್ತದೆ. ಹಳೇ ಕಾಲದಲ್ಲಿ ಮಾಡಿದ ಡಿಸ್ಕ್‌ಗಳಲ್ಲಿ 128 ಎಂಬಿ ಇರುತ್ತದೆ, ಈಗಿನ ಟೂಲ್‌ಗಳು ದೊಡ್ಡ ಡಿಸ್ಕ್‌ಗೆ 1 ಜಿಬಿ ತನಕ ಕೊಡುತ್ತವೆ. ದೊಡ್ಡದು ಮಾಡಲು ಅನ್‌ಮೌಂಟ್ ಮಾಡಿ, ‘ಇ2ಎಫ್‌ಎಸ್‌ಸಿಕೆ -ಎಫ್’ ಓಡಿಸಿ ಕ್ಲೀನ್ ಇದೆ ಎಂದು ಖಾತ್ರಿ ಮಾಡಿಕೊಂಡು, ‘ಟ್ಯೂನ್2ಎಫ್‌ಎಸ್’ನ ದೊಡ್ಡ ಒ ಆಯ್ಕೆಯಲ್ಲಿ ಟೋಪಿ ಚಿಹ್ನೆ ಹಾಕಿ ‘ಹ್ಯಾಸ್ ಜರ್ನಲ್’ ಅನ್ನು ತೆಗೆದುಹಾಕಿ (ಈ ಎರಡು ಪದದ ನಡುವೆ ಅಂಡರ್‌ಸ್ಕೋರ್), ಮತ್ತೊಮ್ಮೆ ಪರೀಕ್ಷೆ ಓಡಿಸಿ, ದೊಡ್ಡ ಜೆ ಆಯ್ಕೆಯಲ್ಲಿ ‘ಸೈಜ್=512’ ಎಂದು ಕೊಟ್ಟು ಹೊಸದನ್ನು ಸೇರಿಸಿ. ನಡುವಿನ ಆ ಕೆಲವು ನಿಮಿಷ ಡಿಸ್ಕ್‌ಗೆ ಕಿರ್ದಿಯೇ ಇಲ್ಲ. ‘ನೀಡ್ಸ್ ರಿಕವರಿ’ ಗುರುತು ಇರುವ ಡಿಸ್ಕ್‌ನಿಂದ ಬಲವಂತವಾಗಿ ಜರ್ನಲ್ ತೆಗೆಯಲೇಬೇಡಿ, ಬಾಕಿ ಇರುವ ಸಾಲುಗಳೆಲ್ಲ ಕಸದ ಬುಟ್ಟಿಗೆ ಹೋಗುತ್ತವೆ.

ಇಂಟರ್‌ನೆಟ್‌ನಲ್ಲಿ ‘ಎಕ್ಸ್‌ಟಿ4 ಸ್ಪೀಡ್ ಮಾಡಿ’ ಎಂದು ಹೇಳುವ ಇನ್ನೆರಡು ಸಲಹೆಗಳಿವೆ. ಒಂದು ‘ಡೇಟಾ=ರೈಟ್‌ಬ್ಯಾಕ್’. ಮಾಮೂಲು ‘ಆರ್ಡರ್ಡ್’ ರೀತಿಯಲ್ಲಿ ಮಾಲು ಗೋಡೌನ್ ಸೇರಿದ ಮೇಲೆ ಕಿರ್ದಿ ಬರೆಯುತ್ತಾರೆ. ರೈಟ್‌ಬ್ಯಾಕ್‌ನಲ್ಲಿ ಆ ಕ್ರಮ ಇಲ್ಲ, ಕರೆಂಟ್ ಹೋಗಿ ಬಂದ ಮೇಲೆ ಹೊಸ ಫೈಲ್ ಒಳಗೆ ಹಿಂದೆ ಯಾವಾಗಲೋ ಅಳಿಸಿದ ಬೇರೆ ಫೈಲ್‌ನ ಚೂರು ಕಾಣಬಹುದು. ಇನ್ನೊಂದು ‘ನೋಬ್ಯಾರಿಯರ್’. ಇದು ಇನ್ನೂ ಕೆಟ್ಟದ್ದು. ಡಿಸ್ಕ್ ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡು ‘ಬರೆದೆ’ ಎಂದು ಸುಳ್ಳು ಹೇಳದ ಹಾಗೆ ತಡೆಯುವುದೇ ಬ್ಯಾರಿಯರ್. ಅದನ್ನು ತೆಗೆದರೆ ಜರ್ನಲ್ ಇದ್ದೂ ಇಲ್ಲದ ಹಾಗೆ. ಬ್ಯಾಟರಿ ಇರುವ ರೇಡ್ ಕಾರ್ಡ್ ಇದ್ದವರು ಬೇಕಾದರೆ ಯೋಚಿಸಲಿ, ನಾವು ನೀವು ಬೇಡ. ದುಡ್ಡು ಖರ್ಚು ಮಾಡಲು ತಯಾರಿದ್ದರೆ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಈ ಎಲ್ಲ ಆಯ್ಕೆ ಸೇರಿಸಿದರೂ ಬರದ ವೇಗ ಅದರಲ್ಲಿ ಬರುತ್ತದೆ.

ಫೈಲ್ ಹೆಸರು ಇದೆ, ತೆರೆದರೆ 0 ಬೈಟ್

ಕರೆಂಟ್ ಹೋದ ಮರುದಿನ ಕೇಳಿಬರುವ ದೂರು. ಜರ್ನಲ್ ಇದ್ದೂ ಹೀಗೇಕೆ ಅಂತ ಸಿಟ್ಟು ಬರುತ್ತದೆ. ಎಕ್ಸ್‌ಟಿ4 ಮಾಲಿಗೆ ಜಾಗ ಗೊತ್ತು ಮಾಡುವುದನ್ನು ಕೊನೆಯ ಕ್ಷಣದ ತನಕ ಮುಂದೂಡುತ್ತದೆ, ಹಾಗೆ ಮಾಡಿದರೆ ಒಂದೇ ಕಡೆ ಸಾಲಾಗಿ ಜಾಗ ಸಿಗುತ್ತದೆ ಎಂದು. ಹೆಸರು ಕಿರ್ದಿಗೆ ಹೋಗಿರುತ್ತದೆ, ಮಾಲು ಇನ್ನೂ ಮೆಮೊರಿಯಲ್ಲೇ ಇರುತ್ತದೆ, ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. 2009ರಲ್ಲಿ ಇದರ ಮೇಲೆ ದೊಡ್ಡ ಗಲಾಟೆಯೇ ಆಯಿತು. ಎಕ್ಸ್‌ಟಿ4 ನೋಡಿಕೊಳ್ಳುವ ಥಿಯೋಡರ್ ಸೋ ಅವರು ಹಳೇ ಫೈಲ್ ಮೇಲೆ ಹೊಸದನ್ನು ರೀನೇಮ್ ಮಾಡುವ ಮತ್ತು ಹಳೆಯದನ್ನು ಖಾಲಿ ಮಾಡಿ ಮತ್ತೆ ಬರೆಯುವ ಸಂದರ್ಭಗಳಿಗೆ 2.6.30ರಲ್ಲಿ ಪರಿಹಾರ ಸೇರಿಸಿದರು. ಹೊಸದಾಗಿ ಸೃಷ್ಟಿಸಿದ ಫೈಲ್‌ಗೆ ಇವತ್ತಿಗೂ ಆ ರಕ್ಷಣೆ ಇಲ್ಲ.

ಫೈಲ್ ವಾಪಸ್ ಬರುತ್ತದಾ? ಇಲ್ಲ. ಅದು ಡಿಸ್ಕ್‌ಗೆ ಬಂದೇ ಇರಲಿಲ್ಲ, ರಿಕವರಿ ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಡಿ. ನೀವೇ ಪ್ರೋಗ್ರಾಂ ಬರೆಯುವವರಾದರೆ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ರೀನೇಮ್ ಮಾಡಿ. ಹೌದು, ಮೇಲೆ ಬೈದದ್ದು ಇದೇ ಎಫ್‌ಸಿಂಕ್‌ಗೆ. ಬೇಕಾದ ಕಡೆ ಒಂದು ಸಲ ಸಾಕು ಅನ್ನುವುದೇ ತಕರಾರು.

ಓಡುತ್ತಿದ್ದ ಮಷಿನ್ ಇದ್ದಕ್ಕಿದ್ದಂತೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಅನ್ನುತ್ತಿದೆ

ಮೆಡಿಕಲ್ ಶಾಪ್‌ನ ಕಥೆ ಇದೇ. ಎಕ್ಸ್‌ಟಿ4 ಇಲ್ಲಿ ಮುನಿಸಿಕೊಂಡಿಲ್ಲ, ಜಾಗ್ರತೆ ಮಾಡುತ್ತಿದೆ. ಕಿರ್ದಿ ಬರೆಯಲು ಹೋದಾಗ ಡಿಸ್ಕ್‌ನಿಂದ ಎರರ್ ಬಂತು, ಇನ್ನು ಮುಂದೆ ಬರೆದರೆ ಲೆಕ್ಕವೆಲ್ಲ ಕಲಸಿಹೋಗುತ್ತದೆ ಎಂದು ಪೆನ್ ಕೆಳಗಿಟ್ಟಿದೆ. ‘ಮೌಂಟ್ -ಒ ರೀಮೌಂಟ್’ ಹೊಡೆದು ಬಲವಂತವಾಗಿ ಪೆನ್ ಕೈಗೆ ಕೊಡಲು ಹೋಗಬೇಡಿ. ಜರ್ನಲ್ ಅಬಾರ್ಟ್ ಆದ ಮೇಲೆ ಅದು ಒಪ್ಪುವುದೂ ಇಲ್ಲ.

‘ಡಿಮೆಸೇಜ್’ ತೆಗೆದು ‘ಅಬಾರ್ಟಿಂಗ್ ಜರ್ನಲ್’ ಎನ್ನುವ ಸಾಲು ಹುಡುಕಿ. ಅದು ಪರಿಣಾಮ. ಕಾರಣ ಇರುವುದು ಅದರ ಮೇಲಿನ ಸಾಲುಗಳಲ್ಲಿ. ಅಲ್ಲಿ ‘ಎಟಿಎ’ ಎಂದು ಶುರುವಾಗುವ ಸಾಲುಗಳು, ಲಿಂಕ್ ರೀಸೆಟ್, ‘ಐಸಿಆರ್‌ಸಿ’ ಇಂಥವು ಕಂಡರೆ ಮಾತು ಕೇಬಲ್ ಅಥವಾ ಪೋರ್ಟ್ ಕಡೆಗೆ. ‘ಯುಎನ್‌ಸಿ’ ಅಥವಾ ‘ಮೀಡಿಯಂ ಎರರ್’ ಕಂಡರೆ ಡಿಸ್ಕ್‌ನ ತಟ್ಟೆಯೇ ಕೆಟ್ಟಿದೆ. ಮೇಲೆ ಯಾವ ಹಾರ್ಡ್‌ವೇರ್ ಎರರೂ ಇಲ್ಲದೆ ಬರೀ ‘ಎಕ್ಸ್‌ಟಿ4-ಎಫ್‌ಎಸ್ ಎರರ್’ ಇದ್ದರೆ ಲೆಕ್ಕದಲ್ಲಿ ಹಿಂದಿನಿಂದಲೇ ತಪ್ಪಿತ್ತು, ಈಗ ಸಿಕ್ಕಿಬಿದ್ದಿದೆ. ಇಂಥ ಕಡೆ ರ್‍ಯಾಮ್ ಕೂಡ ಅನುಮಾನಕ್ಕೆ ಬರಬೇಕು, ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ.

ಆಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಂಡ ಎಣಿಕೆ (ಸ್ಮಾರ್ಟ್) ತೋರಿಸುವ ‘ಸ್ಮಾರ್ಟ್‌ಸಿಟಿಎಲ್ -ಎ’. ಯುಎಸ್‌ಬಿ ಡಬ್ಬದಲ್ಲಿರುವ ಡಿಸ್ಕ್ ಆದರೆ ಜೊತೆಗೆ ‘-ಡಿ ಸ್ಯಾಟ್’ ಬೇಕಾಗಬಹುದು. ಪಟ್ಟಿ ಉದ್ದ ಇರುತ್ತದೆ, ನಾಲ್ಕು ಸಾಲು ನೋಡಿದರೆ ಸಾಕು: 5, 197, 198, 199. ಕೊನೆಯ ಕಾಲಂನಲ್ಲಿರುವ ಸಂಖ್ಯೆ ಮುಖ್ಯ. 5 ಅಂದರೆ ಕೆಟ್ಟ ಜಾಗಗಳನ್ನು ಬದಲಿಸಿಕೊಂಡ ಎಣಿಕೆ. 197 ಅಂದರೆ ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು, 198 ಅಂದರೆ ಓದಲು ಆಗಲೇ ಇಲ್ಲ ಎಂದು ಗೊತ್ತಾದವು. ಇವು ಸೊನ್ನೆಗಿಂತ ಜಾಸ್ತಿ ಇದ್ದು ಏರುತ್ತಿದ್ದರೆ ಹೊಸ ಡಿಸ್ಕ್ ತರುವ ಹೊತ್ತು. ಒಟ್ಟಾರೆ ಫಲಿತಾಂಶದಲ್ಲಿ ‘ಪಾಸ್ಡ್’ ಅಂತ ಇದ್ದರೂ ನಂಬಬೇಡಿ.

199 ಬೇರೆ ಜಾತಿ. ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ಓಡಾಡುವಾಗ ಕೆಟ್ಟ ಡೇಟಾದ ಎಣಿಕೆ ಅದು. ಮೆಡಿಕಲ್ ಶಾಪ್‌ನಲ್ಲಿ 5, 197, 198 ಮೂರೂ ಸೊನ್ನೆ, 199 ಮಾತ್ರ 412. ಕ್ಯಾಬಿನೆಟ್ ಬಿಚ್ಚಿ ನೋಡಿದರೆ ಡಿಸ್ಕ್ ಕಡೆಯ ಕನೆಕ್ಟರ್ ಸ್ವಲ್ಪ ಓರೆಯಾಗಿ ಕೂತಿತ್ತು, ಕ್ಲಿಪ್ ಮುರಿದಿತ್ತು. ಒಳಗೆ ಬೆರಳು ದಪ್ಪ ಧೂಳು. ಹೊರಗೆ ರಸ್ತೆಯಲ್ಲಿ ಲಾರಿ ಹೋದಾಗ ಕೌಂಟರ್ ನಡುಗುತ್ತಿತ್ತು, ಕೇಬಲೂ ಜೊತೆಗೆ. ಅರ್ಧ ಗಂಟೆ ಸರಿ ಇದ್ದು ಮತ್ತೆ ಕೆಡುತ್ತಿದ್ದದ್ದು ಅದಕ್ಕೇ. ಕೇಬಲ್ ಮುಟ್ಟುವ ಮುಂಚೆ ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಕರೆಂಟ್ ಹೋಗಲು ಬಿಡಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಆಮೇಲೆ ಕೈ ಹಾಕಿ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಡಬ್ಬ ಮಾತ್ರ ಬಿಚ್ಚಬೇಡಿ, ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಹೊಡೆಯುತ್ತದೆ.

ಹಾರ್ಡ್‌ವೇರ್ ಸರಿ ಆದ ಮೇಲೆಯೇ ಫೈಲ್ ಸಿಸ್ಟಮ್ ಪರೀಕ್ಷೆ, ಅದಕ್ಕೂ ಮೊದಲಲ್ಲ. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಪಾರ್ಟಿಷನ್ ಮೌಂಟ್ ಆಗಿಲ್ಲ ಎಂದು ನೋಡಿಕೊಂಡು, ‘ಇ2ಎಫ್‌ಎಸ್‌ಸಿಕೆ -ಎಫ್ -ಎನ್’ ಓಡಿಸಿ. -ಎನ್ ಅಂದರೆ ಬರೀ ನೋಡು, ತಿದ್ದಬೇಡ. ಇಲ್ಲೊಂದು ಗುಟ್ಟಿದೆ. -ಎನ್ ಹಾಕಿದಾಗ ಬಾಕಿ ಇರುವ ಕಿರ್ದಿಯನ್ನು ಅದು ಖಾತೆಗೆ ಏರಿಸುವುದಿಲ್ಲ, ಹಾಗಾಗಿ ನಿಜಕ್ಕೂ ಇಲ್ಲದ ತಪ್ಪುಗಳನ್ನೂ ತೋರಿಸಬಹುದು. ಹತ್ತಿಪ್ಪತ್ತು ಸಾಲು ಬಂದರೆ ಗಾಬರಿ ಬೇಡ, ‘-ಪಿ’ ಹಾಕಿ ಓಡಿಸಿದರೆ ಕಿರ್ದಿ ಏರಿಸಿ ಸಣ್ಣಪುಟ್ಟದ್ದನ್ನು ತಾನೇ ಸರಿ ಮಾಡುತ್ತದೆ. ಸಾವಿರಗಟ್ಟಲೆ ಸಾಲು ಪರದೆ ತುಂಬಾ ಓಡಿದರೆ ಅಲ್ಲಿಗೇ ನಿಲ್ಲಿಸಿ, ಡಿಸ್ಕ್‌ನ ಇಮೇಜ್ ತೆಗೆಯುವ ತನಕ ಏನನ್ನೂ ತಿದ್ದಬೇಡಿ.

ಬೂಟ್ ಅರ್ಧಕ್ಕೆ ನಿಂತು ‘ಎಮರ್ಜೆನ್ಸಿ ಮೋಡ್’ ಬಂದಿದೆ

ಹೆದರಿಸುವ ಹೆಸರು, ಕಾರಣ ಹೆಚ್ಚಾಗಿ ಚಿಕ್ಕದು. ಅದಕ್ಕೂ ಮುಂಚೆ ಒಂದೂವರೆ ನಿಮಿಷ ‘ಸ್ಟಾರ್ಟ್ ಜಾಬ್’ ಅಂತ ಎಣಿಸುತ್ತಿತ್ತಾ? ಹಾಗಿದ್ದರೆ ಬೂಟ್‌ನಲ್ಲಿ ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿಯಾದ ‘ಎಫ್‌ಎಸ್‌ಟ್ಯಾಬ್’ನಲ್ಲಿ ಬರೆದಿರುವ ಡಿಸ್ಕ್ ಸಿಗುತ್ತಿಲ್ಲ. ಡಿಸ್ಕ್ ಬದಲಿಸಿದ್ದೀರಿ, ಅಥವಾ ಮತ್ತೆ ಫಾರ್ಮ್ಯಾಟ್ ಮಾಡಿದ್ದೀರಿ, ಅದರ ಗುರುತು ಸಂಖ್ಯೆ (ಯುಯುಐಡಿ) ಬದಲಾಗಿದೆ. ‘ಬಿಎಲ್‌ಕೆಐಡಿ’ ಕೊಟ್ಟು ಈಗಿನದನ್ನು ಹೋಲಿಸಿ ನೋಡಿ, ತಿದ್ದಿ. ಸದಾ ಜೋಡಿಸಿರದ ಬ್ಯಾಕಪ್ ಡಿಸ್ಕ್‌ಗಳಿಗೆ ಅದೇ ಸಾಲಿನಲ್ಲಿ ‘ನೋಫೇಲ್’ ಸೇರಿಸಿದರೆ ಮುಂದೆ ಈ ತಲೆನೋವು ಇಲ್ಲ.

‘ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ’ ಎಂದು ಬಂದಿದ್ದರೆ ಮಾತ್ರ ವಿಷಯ ಬೇರೆ. ತಾನಾಗಿ ಸರಿ ಮಾಡಲು ಹೆದರಿ ನಿಮ್ಮನ್ನು ಕರೆಯುತ್ತಿದೆ. ಮೊದಲು ಸ್ಮಾರ್ಟ್ ನೋಡಿ. ಡಿಸ್ಕ್ ಗಟ್ಟಿ ಇದೆ, ಬ್ಯಾಕಪ್ ಇದೆ ಅಂದರೆ ಮಾತ್ರ ‘ಇ2ಎಫ್‌ಎಸ್‌ಸಿಕೆ -ಎಫ್ -ವೈ’. ಮುಗಿದ ಮೇಲೆ ‘ಲಾಸ್ಟ್+ಫೌಂಡ್’ ಫೋಲ್ಡರ್ ನೋಡಿ. ಅಪ್ಪ-ಅಮ್ಮ ಸಿಗದ ಫೈಲ್‌ಗಳೆಲ್ಲ ಬರೀ ನಂಬರ್ ಹೆಸರಲ್ಲಿ ಅಲ್ಲಿ ಬಿದ್ದಿರುತ್ತವೆ. ‘ಫೈಲ್’ ಕಮಾಂಡ್ ಓಡಿಸಿದರೆ ಯಾವುದು ಪಿಡಿಎಫ್, ಯಾವುದು ಫೋಟೋ ಅಂತ ಹೇಳುತ್ತದೆ.

‘ಬ್ಯಾಡ್ ಮ್ಯಾಜಿಕ್ ನಂಬರ್’ ಎಂದು ಮೌಂಟ್ ಆಗುತ್ತಲೇ ಇಲ್ಲ

ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮುಖ್ಯ ವಿವರ ಇರುವ ಬ್ಲಾಕ್) ಹೋಯಿತು ಅಂತ ಅಳುವ ಮೊದಲು ‘ಎಲ್‌ಎಸ್‌ಬಿಎಲ್‌ಕೆ -ಎಫ್’ ನೋಡಿ. ಪಾರ್ಟಿಷನ್ ‘ಎಸ್‌ಡಿಬಿ1’ ಇರುವ ಕಡೆ ಇಡೀ ಡಿಸ್ಕ್ ‘ಎಸ್‌ಡಿಬಿ’ ಅಂತ ಕೊಟ್ಟಿದ್ದರೂ ಇದೇ ಮಾತು ಬರುತ್ತದೆ. ಅದು ಎಲ್‌ವಿಎಂ ಅಥವಾ ಲಕ್ಸ್ ಬೀಗ ಹಾಕಿದ ಪಾರ್ಟಿಷನ್ ಆಗಿದ್ದರೂ ಅಷ್ಟೆ. ವಿಂಡೋಸ್‌ಗೆ ಚುಚ್ಚಿದಾಗ ‘ಫಾರ್ಮ್ಯಾಟ್ ಮಾಡಬೇಕು’ ಅಂತ ಕೇಳುವುದು ಸಹಜ, ಅದಕ್ಕೆ ಎಕ್ಸ್‌ಟಿ4 ಓದಲು ಬರುವುದಿಲ್ಲ. ಕ್ಯಾನ್ಸಲ್ ಒತ್ತಿ.

‘ಫೀಚರ್ ಸಿ12 ಗೊತ್ತಿಲ್ಲ’ ಎಂಬರ್ಥದ ಎರರ್ ಬಂದರೆ ಡಿಸ್ಕ್ ಕೆಟ್ಟಿಲ್ಲ, ನಿಮ್ಮ ಟೂಲ್ ಹಳೆಯದು. ಇ2ಎಫ್‌ಎಸ್‌ಸಿಕೆ ಮುಂತಾದ ಟೂಲ್‌ಗಳ ಕಂತೆಯಾದ ಇ2ಎಫ್‌ಎಸ್‌ಪ್ರೋಗ್ಸ್‌ನ 2023ರ 1.47ರಿಂದ ‘ಆರ್ಫನ್ ಫೈಲ್’ ಅನ್ನುವ ಹೊಸ ಸೌಲಭ್ಯ ತಾನಾಗಿ ಸೇರಿಕೊಳ್ಳುತ್ತದೆ. ಹಳೇ ಲೈವ್ ಪೆನ್‌ಡ್ರೈವ್‌ಗೆ ಅದು ಅರ್ಥವಾಗುವುದಿಲ್ಲ. ಹೊಸ ಪೆನ್‌ಡ್ರೈವ್ ಮಾಡಿಕೊಳ್ಳಿ.

ನಿಜಕ್ಕೂ ಸೂಪರ್‌ಬ್ಲಾಕ್ ಹೋಗಿದ್ದರೆ ಅದರ ಕಾಪಿಗಳು ಡಿಸ್ಕ್‌ನಲ್ಲೇ ಇರುತ್ತವೆ. 4 ಕೆಬಿ ಬ್ಲಾಕ್ ಇರುವ ಡಿಸ್ಕ್‌ನಲ್ಲಿ ಮೊದಲನೆಯದು 32768ರಲ್ಲಿ. ‘ಇ2ಎಫ್‌ಎಸ್‌ಸಿಕೆ -ಬಿ 32768’ ಕೊಟ್ಟು ಪಾರ್ಟಿಷನ್ ಹೆಸರು ಹಾಕಿ. ಕಾಪಿಗಳು ಎಲ್ಲಿವೆ ಎಂದು ತಿಳಿಯಲು ‘ಎಂಕೆಇ2ಎಫ್‌ಎಸ್ -ಎನ್’ ಬಳಸುತ್ತಾರೆ. ಆ -ಎನ್ ಮರೆತರೆ ಡಿಸ್ಕ್ ನಿಜವಾಗಿಯೇ ಫಾರ್ಮ್ಯಾಟ್ ಆಗುತ್ತದೆ. ನಾನಂತೂ ಈ ಕಮಾಂಡ್ ಟೈಪ್ ಮಾಡಿದ ಮೇಲೆ ಎಂಟರ್ ಒತ್ತುವ ಮುಂಚೆ ಕೈ ತೆಗೆದು ಒಮ್ಮೆ ಜೋರಾಗಿ ಓದುತ್ತೇನೆ.

ಯಾವಾಗ ಕೈ ಎತ್ತಬೇಕು

ಟಕ್ ಟಕ್ ಸದ್ದು, ಬಯೋಸ್‌ನಲ್ಲೇ ಡಿಸ್ಕ್ ಕಾಣದಿರುವುದು, 197 ನೋಡನೋಡುತ್ತಾ ಏರುವುದು, ಇವು ಮನೆಮದ್ದಿನ ಕಾಯಿಲೆಗಳಲ್ಲ. ಸದ್ದು ಮಾಡುವ ಡಿಸ್ಕ್‌ಗೆ ಪ್ರತಿ ಸಲ ಪವರ್ ಕೊಟ್ಟಾಗಲೂ ತಟ್ಟೆ ಇನ್ನಷ್ಟು ಕೆರೆದುಕೊಳ್ಳಬಹುದು. ಬ್ಯಾಕಪ್ ಇಲ್ಲದೆ ಒಳಗೆ ಬೆಲೆಯಿರುವುದೇನಾದರೂ ಇದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರವೇ ಕೊಡಿ, ಬೀದಿ ಬದಿಯ ಮೊಬೈಲ್ ಅಂಗಡಿಯಲ್ಲಿ ಬಿಚ್ಚಿಸಬೇಡಿ. ಫ್ರೀಜರ್‌ನಲ್ಲಿ ಇಡಿ ಅನ್ನುವ ಸಲಹೆಗೂ ಕಿವಿ ಕೊಡಬೇಡಿ, ಒಳಗೆ ತೇವ ಕೂರುತ್ತದೆ.

ಸದ್ದಿಲ್ಲ, ಅಲ್ಲಲ್ಲಿ ಓದಲು ಕಷ್ಟಪಡುತ್ತಿದೆ ಅಷ್ಟೇ ಅಂದರೆ ‘ಡಿಡಿರೆಸ್ಕ್ಯೂ’ನಿಂದ ಇಡೀ ಡಿಸ್ಕನ್ನು ಬೇರೆ ದೊಡ್ಡ ಡಿಸ್ಕ್‌ಗೆ ಇಮೇಜ್ ತೆಗೆಯಿರಿ, ಮ್ಯಾಪ್ ಫೈಲ್ ಹೆಸರು ಕೊಡುವುದು ಮರೆಯಬೇಡಿ, ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಯುತ್ತದೆ. ರಿಪೇರಿ ಏನಿದ್ದರೂ ಆ ಇಮೇಜ್ ಮೇಲೆ, ಅದರದ್ದೂ ಒಂದು ಕಾಪಿ ಇಟ್ಟುಕೊಂಡು. ಕೆಟ್ಟ ಡಿಸ್ಕ್‌ನಿಂದ ನೇರ ನಾಲ್ಕು ಫೈಲ್ ತೆಗೆದುಕೊಂಡರೆ ಸಾಕು ಅನ್ನುವವರು ‘ಆರ್‌ಒ,ನೋಲೋಡ್’ ಆಯ್ಕೆಯಲ್ಲಿ ಮೌಂಟ್ ಮಾಡಿ. ಬರೀ ‘ಆರ್‌ಒ’ ಕೊಟ್ಟರೆ ಎಕ್ಸ್‌ಟಿ4 ಕಿರ್ದಿ ಏರಿಸುವ ನೆಪದಲ್ಲಿ ಡಿಸ್ಕ್ ಮೇಲೆ ಬರೆದೇಬಿಡುತ್ತದೆ. ರೀಡ್-ಓನ್ಲಿ ಅಂತ ಹೇಳಿದ ಮೇಲೂ ಬರೆಯುತ್ತದೆ ಅನ್ನುವುದು ಎಷ್ಟೋ ವರ್ಷ ನನಗೂ ಗೊತ್ತಿರಲಿಲ್ಲ.

ಮೆಡಿಕಲ್ ಶಾಪ್‌ನವರು ಹೊಸ ಕೇಬಲ್ ಹಾಕಿಸಿದ ಮೇಲೆ 199ರ ಸಂಖ್ಯೆ ಸೊನ್ನೆಗೆ ಯಾಕೆ ಬಂದಿಲ್ಲ ಎಂದು ಕೇಳಿದರು. ಅದು ಎಂದೂ ಇಳಿಯುವುದಿಲ್ಲ, ಏರದಿದ್ದರೆ ಸಾಕು. ಹೋದ ತಿಂಗಳು ಮಾತ್ರೆ ತರಲು ಹೋದಾಗ ನೋಡಿದೆ, ಇನ್ನೂ 412ರಲ್ಲೇ ಇತ್ತು.